ಕೀಮೋ ಶುರುವಾಗುತ್ತಿದೆಯೇ? ಥರ್ಮಾಮೀಟರ್ ಕೈಗೆ ಸಿಗುವಂತಿರಲಿ

ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು ಕ್ಯಾನ್ಸರಿಗೆ ಕೊಡುತ್ತಿರುವ ಔಷಧಿಗಳ ಹೆಸರು ಬರೆದಿಡಿ. ಬರೀ 'ಕೀಮೋ' ಅಂದರೆ ಸಾಲದು. ಯಾವ ಔಷಧಿಯೋ ಅದಕ್ಕೆ ತಕ್ಕ ತೊಂದರೆ. ಡಾಕ್ಸೋರುಬಿಸಿನ್ ಹಾಕಿಸಿಕೊಂಡರೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗಬಹುದು. ಅದು ಔಷಧಿಯ ಬಣ್ಣ, ರಕ್ತವಲ್ಲ. ಮೊದಲೇ ಗೊತ್ತಿಲ್ಲದಿದ್ದರೆ ಎಂಥವರೂ ಬೆಚ್ಚಿಬೀಳುತ್ತಾರೆ. ಆಕ್ಸಾಲಿಪ್ಲಾಟಿನ್ ಆದರೆ ಕೆಲವು ದಿನ ತಣ್ಣಗಿರುವುದನ್ನು ಮುಟ್ಟಿದರೂ ಬೆರಳು ಜುಮುಗುಟ್ಟುತ್ತದೆ. ಫ್ರಿಜ್‌ಗೆ ಕೈ ಹಾಕುವ ಕೆಲಸ ಬೇರೆಯವರಿಗೆ ಬಿಡಿ.

ಔಷಧಿ ಹೇಗೆ ಕೆಲಸ ಮಾಡುತ್ತದೆಂದು ಡಾಕ್ಟರನ್ನು ಕೇಳಿ. ಕೀಮೋ ಔಷಧಿಗಳು ಹೆಚ್ಚಾಗಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತವೆ. ಕೆಲವು ಡಿಎನ್‌ಎ ಕೆಡಿಸುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್‌ನಂಥವು ಕೋಶ ಎರಡಾಗುವುದನ್ನೇ ತಡೆಯುತ್ತವೆ. ಆದರೆ ಕೂದಲ ಬುಡ, ಬಾಯಿ ಮತ್ತು ಕರುಳಿನ ಒಳಪದರ, ಮೂಳೆಮಜ್ಜೆಯ ಕೋಶಗಳೂ ಬೇಗ ಬೆಳೆಯುವಂಥವೇ ಅಲ್ವಾ? ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ರಕ್ತಕಣ ಇಳಿಯುವುದು ಇದರಿಂದಲೇ.

ಇನ್ನು ಕ್ಯಾಲೆಂಡರ್. ಕೀಮೋ ಆದ ಮೇಲೆ 7ರಿಂದ 14ನೇ ದಿನದವರೆಗೆ ಕೆಂಪು ಗೆರೆ ಎಳೆಯಿರಿ. ಹೆಚ್ಚಿನ ಔಷಧಿಗಳಲ್ಲಿ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ ತೀರಾ ಕೆಳಗಿಳಿಯುವುದು ಆಗಲೇ. ಮೈ ಬಿಸಿ ಅನ್ನಿಸಿದರೆ ಥರ್ಮಾಮೀಟರ್ ಇಡಿ, ಹಣೆ ಮುಟ್ಟಿ ಅಂದಾಜು ಮಾಡಬೇಡಿ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ದಾಟಿದರೆ ನಡುರಾತ್ರಿಯಾದರೂ ಫೋನ್ ಮಾಡಿ, ಆಸ್ಪತ್ರೆಗೆ ಹೊರಡಿ. ಜ್ವರ ಇಲ್ಲದೆ ಚಳಿಯಿಂದ ನಡುಗಿದರೂ ಅಷ್ಟೇ. ಜಾಸ್ತಿ ಜನ ಎಡವುವುದು ಇಲ್ಲೇ: ಸುಮ್ನೆ ಒಂದು ಪ್ಯಾರಾಸಿಟಮಾಲ್ ನುಂಗಿ 'ಬೆಳಗಾಗಲಿ ನೋಡೋಣ' ಎಂದು ಮಲಗಿಬಿಡುತ್ತಾರೆ. ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೊಳಗೇ ಏರುತ್ತದೆ. ಎಮರ್ಜೆನ್ಸಿಗೆ ಹೋದ ತಕ್ಷಣ ಬೇರೆ ಕಥೆ ಹೇಳುವ ಮೊದಲು 'ಕೀಮೋ ಆಗಿ ಇಷ್ಟು ದಿನ ಆಯ್ತು, ಜ್ವರ ಬಂದಿದೆ' ಅನ್ನಿ. ಆಂಟಿಬಯಾಟಿಕ್ ಬೇಗ ಶುರುವಾಗಬೇಕು, ಸರದಿಯಲ್ಲಿ ಕಾಯುವ ಜ್ವರವಲ್ಲ ಇದು.

ವಾಂತಿಗೆ ಕೊಟ್ಟ ಮಾತ್ರೆಯನ್ನು ವಾಂತಿ ಬಂದ ಮೇಲೆ ನುಂಗೋಣ ಅಂತ ಇಟ್ಟುಕೊಳ್ಳಬೇಡಿ, ಚೀಟಿಯಲ್ಲಿ ಬರೆದ ಹೊತ್ತಿಗೇ ನುಂಗಿ. ವಾಂತಿ ತಡೆಯುವ ಆಂಡಾನ್ಸೆಟ್ರಾನ್‌ನಿಂದ ಮಲಬದ್ಧತೆ ಆಗಬಹುದು, ಅದಕ್ಕೇನು ಮಾಡಬೇಕೆಂದು ಮೊದಲೇ ಕೇಳಿಡಿ.

ಟಾರ್ಗೆಟೆಡ್ ಔಷಧಿ, ಅಂದರೆ ಕ್ಯಾನ್ಸರನ್ನು ಬೆಳೆಸುವ ಒಂದು ಗುರಿಗೇ ಹೊಡೆಯುವ ಔಷಧಿಯಾದರೆ ಲೆಕ್ಕ ಬೇರೆ. ಸಿಎಂಎಲ್ ಎಂಬ ರಕ್ತ ಕ್ಯಾನ್ಸರಿನಲ್ಲಿ ಒಂದು ಕೆಟ್ಟ ಪ್ರೋಟೀನ್ 'ಬೆಳೆ, ಬೆಳೆ' ಎಂದು ಕೋಶಕ್ಕೆ ಹೇಳುತ್ತಲೇ ಇರುತ್ತದೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮ್ಯಾಟಿನಿಬ್ ಅದರ ಬಾಯಿ ಮುಚ್ಚಿಸುತ್ತದೆ. ಹಾಗೆಂದು ಇವಕ್ಕೆ ಅಡ್ಡಪರಿಣಾಮವೇ ಇಲ್ಲ ಅಂತಲ್ಲ. ಇಮ್ಯಾಟಿನಿಬ್‌ನಿಂದ ಕಣ್ಣಿನ ಸುತ್ತ ಊದಿಕೊಳ್ಳಬಹುದು. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಜೆಫಿಟಿನಿಬ್ ತಡೆಯುವ ಇಜಿಎಫ್‌ಆರ್ ಎಂಬ, ಕೋಶಕ್ಕೆ ಬೆಳೆಯಲು ಹೇಳುವ ಪ್ರೋಟೀನ್ ಚರ್ಮದಲ್ಲೂ ಇದೆ. ಅದಕ್ಕೇ ಮುಖದ ಮೇಲೆ ಮೊಡವೆಯಂಥ ಗುಳ್ಳೆ ಏಳುತ್ತದೆ. ಅದು ಮೊಡವೆಯಲ್ಲ. ಮೊಡವೆ ಕ್ರೀಮ್ ಹಚ್ಚಿದರೆ ಚರ್ಮ ಇನ್ನಷ್ಟು ಒಣಗಿ ಉರಿಯಬಹುದು. ಸ್ತನ ಕ್ಯಾನ್ಸರಿನ ಟ್ರಾಸ್ಟುಝುಮಾಬ್ ಹೃದಯದ ಬಲ ತಗ್ಗಿಸಬಹುದು, ಹಾಗಾಗಿ ನಡುನಡುವೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಾರೆ. ಅದನ್ನು ತಪ್ಪಿಸಬೇಡಿ.

ಮನೆಯಲ್ಲಿ ನುಂಗುವ ಮಾತ್ರೆ ಒಂದು ದಿನ ಮರೆತುಹೋದರೆ ಮರುದಿನ ಎರಡು ನುಂಗಬೇಡಿ. ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಗಿಡಮೂಲಿಕೆ ಪುಡಿ, ಬೇರೆ ಡಾಕ್ಟರು ಬರೆದ ಮಾತ್ರೆ, ಏನೇ ಇದ್ದರೂ ಅದೇ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿ. ಅವುಗಳಲ್ಲಿ ಕೆಲವು ಕ್ಯಾನ್ಸರ್ ಔಷಧಿಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಿಯೋ ಇಳಿಸಿಯೋ ಬಿಡುತ್ತವೆ.