ಭಾಗ್ಯ, ಭಾಗ್ಯಮ್ಮ ಮತ್ತು ಒಂದು ಓಟಿಪಿ

ಮದ್ದೂರು ಪಕ್ಕದ ಹಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ ತೆಗೆಯೋದು, ಅರ್ಜಿ ಹಾಕೋದು, ಕರೆಂಟ್ ಬಿಲ್ಲು ಕಟ್ಟೋದು, ಇಂಥವೇ ಕೆಲಸ. ಬೆಳಗಾದರೆ ಅಂಗಡಿ ಮುಂದೆಯೇ ಗಾರ್ಮೆಂಟ್ಸ್ ವ್ಯಾನು ನಿಲ್ಲುತ್ತದೆ. ಊಟದ ಡಬ್ಬಿ ಹಿಡಿದು ಹೆಂಗಸರು ಗೆಜ್ಜಲಗೆರೆ ಕಡೆ ಹೋಗುತ್ತಾರೆ. ಕೊರೊನಾ ಲಾಕ್‌ಡೌನ್ ಶುರುವಾದ 2020ರ ಮಾರ್ಚ್ 25ರಿಂದ ಆ ವ್ಯಾನು ಬರಲಿಲ್ಲ.

ಮೊದಲ ಎರಡು ವಾರ ನಾವೂ ಎಲ್ಲರ ಹಾಗೆ ಕಿಟ್ ಹಂಚಿದೆವು. ಅಕ್ಕಿ, ಬೇಳೆ, ಎಣ್ಣೆ, ಸೋಪು. ಫೋಟೋನೂ ತೆಗೆಸಿಕೊಂಡೆವು, ಸುಳ್ಳು ಯಾಕೆ ಹೇಳಲಿ. ಒಂದು ಮನೆಯಲ್ಲಿ ಕಿಟ್ ಕೊಟ್ಟು ತಿರುಗುವಾಗ ಆ ಮನೆಯಾಕೆ ತಡೆದು ಕೇಳಿದರು. "ಅಕ್ಕಿ ಸೊಸೈಟೀಲೂ ಕೊಡ್ತಾರೆ ಕಣಣ್ಣ. ಗ್ಯಾಸಿಗೆ, ಅತ್ತೆ ಮಾತ್ರೆಗೆ, ಸಂಘದ ಕಂತಿಗೆ ಏನ್ ಮಾಡ್ಲಿ? ನನ್ ಪಿಎಫ್ ದುಡ್ಡು ಈಚೆ ಬತ್ತದಾ ನೋಡಿ."

ಅವರು ಹೇಳಿದ್ದು ಸರಿಯೇ. ತಲೆಗೆ 5 ಕೆಜಿ ಅಕ್ಕಿ ಕೇಂದ್ರದಿಂದ ಪುಕ್ಕಟೆ ಬರುತ್ತಿತ್ತು. ಜನಧನ್ ಖಾತೆ ಇದ್ದ ಹೆಂಗಸರಿಗೆ ಮೂರು ತಿಂಗಳು ತಿಂಗಳಿಗೆ 500 ರೂಪಾಯಿ. ಅಷ್ಟೇ. ಲಾಕ್‌ಡೌನ್ ಕಾಲದ ಸಂಬಳ ಕೊಡಬೇಕು ಅಂತ ಮಾರ್ಚ್ 29ರಂದು ಹೊರಟ ಆದೇಶ ಮೇ 18ಕ್ಕೆ ಇಲ್ಲವಾಯಿತು. ಕಂತು ಮುಂದೂಡಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿತು, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಕೈಗೆ ಸಿಗುವ ದೊಡ್ಡ ದುಡ್ಡು ಅಂದರೆ ಅವರದೇ ಪಿಎಫ್, ತಿಂಗಳ ಸಂಬಳದಲ್ಲಿ ಹಿಡಿದಿಟ್ಟ ಉಳಿತಾಯ. ಗಾರ್ಮೆಂಟ್ಸ್ ಹೆಂಗಸರಿಗೆ ಅದು ಎಷ್ಟು ಮುಖ್ಯ ಅನ್ನೋದು 2016ರ ಏಪ್ರಿಲ್‌ನಲ್ಲೇ ಗೊತ್ತಾಗಿತ್ತಲ್ವಾ? ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಬೆಂಗಳೂರಲ್ಲಿ ಸಾವಿರಾರು ಜನ ರಸ್ತೆಗಿಳಿದಿದ್ದರು. ಸರ್ಕಾರ ನಿಯಮವನ್ನೇ ವಾಪಸ್ ತಗೊಂಡಿತು.

ಕೊರೊನಾ ಅಂತ ಕಾರಣ ಕೊಟ್ಟು ಪಿಎಫ್ ತೆಗೆಯಲು 2020ರ ಮಾರ್ಚ್ 28ರಿಂದ ಅವಕಾಶ ಆಗಿತ್ತು. ಕೆಲಸ ಬಿಡಬೇಕಾಗಿರಲಿಲ್ಲ. ಖಾತೆಯಲ್ಲಿರೋದರ ಮುಕ್ಕಾಲು ಭಾಗ, ಇಲ್ಲವೇ ಮೂರು ತಿಂಗಳ ಬೇಸಿಕ್ ಸಂಬಳ ಮತ್ತು ಡಿಎ (ತುಟ್ಟಿಭತ್ಯೆ), ಎರಡರಲ್ಲಿ ಯಾವುದು ಕಡಿಮೆಯೋ ಅದು. 40,000 ಇದ್ದರೆ ಮುಕ್ಕಾಲು ಅಂದರೆ 30,000. ತಿಂಗಳಿಗೆ 9,000 ಆದರೆ ಮೂರು ತಿಂಗಳಿಗೆ 27,000. ಸಿಗೋದು 27,000. ಇದನ್ನ ಪ್ರತಿಯೊಬ್ಬರಿಗೂ ಹಳೇ ಕ್ಯಾಲೆಂಡರ್ ಹಿಂದೆ ಬರೆದು ತೋರಿಸುತ್ತಿದ್ದೆ.

ಅಂಗಡಿ ತೆಗೆಯುವ ಹಾಗಿರಲಿಲ್ಲ. ಮನೆ ಜಗಲಿ ಮೇಲೆ ಲ್ಯಾಪ್‌ಟಾಪು, ಪ್ರಿಂಟರ್ ಇಟ್ಟೆ. ದಿನಕ್ಕೆ ಐದು ಜನ, ಒಬ್ಬರಾದ ಮೇಲೆ ಒಬ್ಬರು. ಧರ್ಮಕ್ಕೇನೂ ಮಾಡಲಿಲ್ಲ, ಒಂದು ಅರ್ಜಿಗೆ 50 ರೂಪಾಯಿ ತಗೊಂಡೆ. ದುಡ್ಡು ಬಂದ ಮೇಲೆ ಕೊಡಿ ಅಂದೆ. ಬ್ರೋಕರ್‌ಗಳು ಇದೇ ಕೆಲಸಕ್ಕೆ ಸಾವಿರದ ಮೇಲೆ ಕೇಳುತ್ತಿದ್ದರು.

ಎಲ್ಲ ದಾಖಲೆ ಸರಿ ಇದ್ದವರಿಗೆ ಮೂರು ನಾಲ್ಕು ದಿನದಲ್ಲಿ ದುಡ್ಡು ಬಿತ್ತು. ಅಂಥವರು ಮೊದಲ ಹತ್ತು ಜನರಲ್ಲಿ ಇಬ್ಬರು. ಮಿಕ್ಕವರದ್ದು ಹೆಸರಿನ ರಾಮಾಯಣ. ಪಿಎಫ್‌ನಲ್ಲಿ ಭಾಗ್ಯ, ಆಧಾರ್‌ನಲ್ಲಿ ಭಾಗ್ಯಮ್ಮ. ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದವರಿಗೆ ಪಿಎಫ್‌ನಲ್ಲಿ ಅಪ್ಪನ ಇನಿಷಿಯಲ್ಲು, ಆಧಾರ್‌ನಲ್ಲಿ ಗಂಡನದು. ಅದನ್ನ ತಿದ್ದಿದರೆ ಆಗ ಕಂಪನಿಯವರು ಆನ್‌ಲೈನ್‌ನಲ್ಲಿ ಒಪ್ಪಬೇಕಿತ್ತು. ಕಂಪನಿಗೇ ಬೀಗ. ಆಧಾರ್ ಸೆಂಟರೂ ಬಂದ್. ಹುಟ್ಟಿದ ತಾರೀಕಿಗೆ ಮಾತ್ರ ಒಂದು ದಾರಿ ಸಿಕ್ಕಿತು. ಮೂರು ವರ್ಷದೊಳಗಿನ ವ್ಯತ್ಯಾಸ ಇದ್ದರೆ ಆಧಾರ್‌ನದ್ದನ್ನೇ ಒಪ್ಪುತ್ತೇವೆ ಅಂತ ಪಿಎಫ್‌ನವರು ಏಪ್ರಿಲ್‌ನಲ್ಲಿ ಹೇಳಿದರು.

ಹೆಸರಿಗೆ ನಾನು ಕಂಡುಕೊಂಡ ದಾರಿ ಏನೂ ದೊಡ್ಡದಲ್ಲ. ಒಂದೇ ಕಾರ್ಖಾನೆಯವರನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಬರೆದೆ. ಪಿಎಫ್ ಸದಸ್ಯರಿಗೆ ಕೊಡುವ ಯುಎಎನ್ ನಂಬರು, ಪಿಎಫ್‌ನ ಹೆಸರು, ಆಧಾರ್‌ನ ಹೆಸರು ಅಕ್ಕಪಕ್ಕ. ಒಬ್ಬ ಅಕ್ಕನ ಹತ್ತಿರ ಎಚ್‌ಆರ್‌ನವರ ನಂಬರ್ ಇತ್ತು. ಒಬ್ಬೊಬ್ಬರೇ ಫೋನ್ ಮಾಡಿದಾಗ "ನೋಡೋಣ" ಅಂದಿದ್ದವರು, ಹದಿನೇಳು ಹೆಸರಿನ ಪಟ್ಟಿ ವಾಟ್ಸಾಪ್ ಮಾಡಿದಾಗ ಎರಡು ದಿನದಲ್ಲಿ ಮನೆಯಿಂದಲೇ ಡಿಜಿಟಲ್ ಸಹಿ ಹಾಕಿದರು. ಪಾಪ, ಅವರಿಗೂ ಅರ್ಧ ಸಂಬಳವಂತೆ.

ಬ್ಯಾಂಕಿನ ವಿಷಯದಲ್ಲಿ ನಾನೇ ಎಡವಿದೆ. ನಮ್ಮ ಕಡೆ ಹಳಬರ ಖಾತೆಯೆಲ್ಲ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನಲ್ಲಿ. ಅದು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಜೊತೆ ಸೇರಿತು, ಬ್ಯಾಂಕ್ ಶಾಖೆ ಗುರುತಿಸುವ ಐಎಫ್‌ಎಸ್‌ಸಿ ಕೋಡ್ ಬದಲಾಯಿತು. ಪಿಎಫ್‌ನಲ್ಲಿ ಹಳೇ ಕೋಡೇ ಕೂತಿತ್ತು. ನಾನು ಗಮನಿಸದೆ ಹಾಗೇ ಅರ್ಜಿ ಒತ್ತಿಬಿಟ್ಟೆ. ಮೂರು ಅರ್ಜಿ ವಾಪಸ್ ಬಂದವು. ಅದರಲ್ಲಿ ಒಬ್ಬರಿಗೆ ಗಂಡನಿಗೆ ಇನ್ಸುಲಿನ್ ತರಬೇಕಿತ್ತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ ಪಾಸ್‌ಬುಕ್ಕಿನ ಮೊದಲ ಪುಟ ನೋಡದೆ ಅರ್ಜಿ ಮುಟ್ಟಲಿಲ್ಲ. ಪಾಸ್‌ಬುಕ್ಕಿನ ಫೋಟೋನೂ ನೆರಳು ಬೀಳದ ಹಾಗೆ ಅಂಗಳದ ಬೆಳಕಲ್ಲಿ ತೆಗೆದೆ.

ಇನ್ನು ಓಟಿಪಿ. ಅದು ಬರೋದು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ. ಆ ಮೊಬೈಲು ಎಷ್ಟೋ ಮನೆಯಲ್ಲಿ ಗಂಡನ ಜೇಬಲ್ಲಿ, ಆತ ಗದ್ದೆಯಲ್ಲಿ. ಜುಲೈ ಹೊತ್ತಿಗೆ ಮಕ್ಕಳ ಆನ್‌ಲೈನ್ ಪಾಠ ಶುರುವಾಯಿತು. ಒಂದು ದಿನ ಆರನೇ ಕ್ಲಾಸಿನ ಹುಡುಗಿ ಮೊಬೈಲ್ ಹಿಡಿದು ನೆಟ್‌ವರ್ಕ್ ಸಿಗುವ ಅರಳಿಕಟ್ಟೆ ಮೇಲೆ ಕೂತಿದ್ದಳು. ಅವರಮ್ಮ ನಮ್ಮ ಜಗಲಿ ಮೇಲೆ. ನಡುವೆ ನನ್ನ ಮಗ ಓಡಿಹೋಗಿ ಓಟಿಪಿ ಕೇಳಬೇಕು. ಹುಡುಗಿ ಮಿಸ್ ಪಾಠ ಮಾಡ್ತಿದ್ದಾರೆ, ತಡಿ ಅಂದಳಂತೆ. ಮಗ ಬರೋ ಹೊತ್ತಿಗೆ ಪೇಜೇ ಲಾಗ್‌ಔಟ್ ಆಗಿತ್ತು. ಮೂರನೇ ಸಲಕ್ಕೆ ಅರಳಿಕಟ್ಟೆಗೇ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದೆ.

ಕೆಲಸ ಹೋದವರಿಗೆ ಕಾರ್ಮಿಕರ ವಿಮೆಯಾದ ಇಎಸ್‌ಐನಿಂದ 90 ದಿನದವರೆಗೆ ಅರ್ಧ ಸಂಬಳದ ಒಂದು ಯೋಜನೆ ಇತ್ತು. ಹೆಚ್ಚಿನವರಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾಗಿ ಬಂದವರಲ್ಲೂ ಎರಡು ವರ್ಷದ ಸರ್ವೀಸ್ ಆಗದವರೇ ಜಾಸ್ತಿ. ನನ್ನ ಕೈಯಲ್ಲಿ ಆಗಿದ್ದು ನಾಲ್ಕೇ ಅರ್ಜಿ.

2021ರ ಏಪ್ರಿಲ್ ಕೊನೆಗೆ ಮತ್ತೆ ಬೀಗ ಬಿತ್ತು. ಜೂನ್ 14ರಂದು ರಾಜ್ಯದ ಬಹುಪಾಲು ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಿತು. ಮಂಡ್ಯ, ಮೈಸೂರು ಸೇರಿ 11 ಜಿಲ್ಲೆಗೆ ಸಿಗಲಿಲ್ಲ. ಅದಕ್ಕೂ ಮುಂಚೆ ಮೇ ತಿಂಗಳಲ್ಲಿ ಅಸಂಘಟಿತ ಕಾರ್ಮಿಕರಿಗೆ 2,000 ರೂಪಾಯಿ ಅಂತ ಸರ್ಕಾರ ಹೇಳಿತ್ತು. ಪಟ್ಟಿಯಲ್ಲಿ ಟೈಲರ್ ಅಂತ ಇತ್ತು. ಅವತ್ತು ಬೆಳಗ್ಗೆಯೇ ಜಗಲಿ ತುಂಬಿತು. ಪಿಎಫ್, ಇಎಸ್‌ಐ ಇದ್ದವರಿಗೆ ಇದು ಬರಲ್ಲ, ಅವರು ಸಂಘಟಿತ ವಲಯ ಅಂತ ಹೇಳೋಕೆ ನನಗೇ ಬಾಯಿ ಬರಲಿಲ್ಲ. "ನಾವೂ ವರ್ಷಗಟ್ಟಲೆ ಮಿಷನ್ ಮೇಲೇ ಕೂತಿರೋರು ಕಣಣ್ಣ. ಟೈಲರ್ ಅಲ್ದೆ ಮತ್ತಿನ್ನೇನು?" ಅಂತ ಬಂದವರೊಬ್ಬರು ಕೇಳಿದರು.

ಮೇ 31ಕ್ಕೆ ಪಿಎಫ್‌ನಿಂದ ಎರಡನೇ ಸಲ ತೆಗೆಯಲು ಬಿಟ್ಟರು. ಅದೇ ಅಕ್ಕ ಬಂದರು, ಹಿಂದಿನ ವರ್ಷ ಕಿಟ್ ಕೊಟ್ಟಾಗ ತಡೆದು ಕೇಳಿದವರು. ಈ ಸಲ ಹೆಸರು, ಕೋಡು ಎಲ್ಲ ಸರಿ ಇತ್ತು. 19,000ವರೆಗೂ ಸಿಗುತ್ತದೆ ಅಂದೆ. ಅವರು ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು.

"ಎಂಟು ಸಾವ್ರ ಹಾಕಿ ಸಾಕು. ಮಿಕ್ಕಿದ್ದು ಅಲ್ಲೇ ಇರ್ಲಿ, ಮುಂದಿನ ವರ್ಷ ಮಗಳನ್ನ ಪಿಯುಸಿಗೆ ಸೇರಿಸ್ಬೇಕು."

8,000 ಅಂತ ಟೈಪ್ ಮಾಡಿದೆ. ಮೊಬೈಲ್ ಅವರ ಕೈಯಲ್ಲೇ ಇತ್ತು. ಓಟಿಪಿ ಅವರೇ ಓದಿ ಹೇಳಿದರು.