ಅಂಗೋರಾ ಮೊಲ: ಉಣ್ಣೆಗೋ, ಪ್ರದರ್ಶನಕ್ಕೋ?

ಅಂಗೋರಾ ಸಾಕುವವರು ಪ್ರತಿ ಮೊಲಕ್ಕೂ ಮೊದಲೇ ತೀರ್ಮಾನಿಸಿಕೊಳ್ಳಬೇಕಾದ ಮಾತೊಂದಿದೆ: ಈ ಸಲದ ತುಪ್ಪಳ ನೂಲಿಗೋ, ಪ್ರದರ್ಶನದ ಮೇಜಿಗೋ? ಉಣ್ಣೆ ತಿಂಗಳಿಗೆ ಸುಮಾರು ಎರಡೂವರೆ ಸೆಂ.ಮೀ. ಬೆಳೆಯುತ್ತದೆ. 75ರಿಂದ 90 ದಿನಕ್ಕೆ ಕತ್ತರಿಸಿದರೆ ಆರೇಳು ಸೆಂ.ಮೀ. ಎಳೆ ಸಿಗುತ್ತದೆ, ನೂಲಲು ಅದು ಧಾರಾಳವಾಯಿತು. ಪ್ರದರ್ಶನಕ್ಕಾದರೆ ಅದೇ ತುಪ್ಪಳವನ್ನು ಇನ್ನೊಂದು ತಿಂಗಳಾದರೂ ಕಾಪಾಡಬೇಕು. ಗಂಟು ಕಟ್ಟುವುದು, ನೆಕ್ಕಿಕೊಂಡ ಕೂದಲು ಹೊಟ್ಟೆ ಸೇರುವುದು ಎರಡೂ ಆ ಕೊನೆಯ ತಿಂಗಳಲ್ಲೇ ಜಾಸ್ತಿ. ಹಾಗಾಗಿ ಪ್ರದರ್ಶನಕ್ಕೆಂದು ಒಂದೆರಡು ಮೊಲಗಳನ್ನಷ್ಟೇ ಬಿಟ್ಟುಕೊಂಡು, ಉಳಿದವನ್ನು ತಪ್ಪದೆ ಹೊತ್ತಿಗೆ ಸರಿಯಾಗಿ ಕತ್ತರಿಸುತ್ತೇನೆ.

ತಳಿಯ ಆಯ್ಕೆಯೂ ಇದರ ಮೇಲೆಯೇ ನಿಂತಿದೆ. ಇಂಗ್ಲಿಷ್ ಅಂಗೋರಾ ಚಿಕ್ಕದು, ಎರಡೂವರೆಯಿಂದ ಮೂರೂವರೆ ಕೆ.ಜಿ.ಯೊಳಗೆ. ಮುಖ, ಕಿವಿಗಳ ಮೇಲೂ ಉಣ್ಣೆ. ನೋಡಲು ಚೆಂದ, ಸಿಕ್ಕಾಗುವುದರಲ್ಲಿ ಎಲ್ಲಕ್ಕಿಂತ ಮುಂದು. ಫ್ರೆಂಚ್ ತಳಿಯಲ್ಲಿ ನೆಟ್ಟನೆಯ ಒರಟು ಕೂದಲು ಹೆಚ್ಚಿರುವುದರಿಂದ ಒಳ ಉಣ್ಣೆ ಅಷ್ಟು ಬೇಗ ಗಂಟಾಗದು. ಹೊಸಬರಿಗೆ ನಾನು ಹೇಳುವುದು ಇದನ್ನೇ. ಸ್ಯಾಟಿನ್ ಉಣ್ಣೆಗೆ ಹೊಳಪಿದೆ, ಆದರೆ ನೂಲುವಾಗ ಬೆರಳಿನಿಂದ ಜಾರುತ್ತದೆ. ಜರ್ಮನ್ ತಳಿಗೆ ತಾನಾಗಿ ಉಣ್ಣೆ ಉದುರುವ ಗುಣವಿಲ್ಲ, ಕತ್ತರಿಸಲೇಬೇಕು. ವರ್ಷಕ್ಕೆ ಒಂದು ಕೆ.ಜಿ.ಯಷ್ಟು ಕೊಡುವುದೂ ಅದೇ. ಇಂಗ್ಲಿಷ್ ತಳಿಯಿಂದ ಅದರ ಅರ್ಧವೂ ಕಷ್ಟ. ಅಮೆರಿಕದ ಮೊಲ ಸಾಕಣೆದಾರರ ಸಂಘ ಎಆರ್‌ಬಿಎ ಇಂಗ್ಲಿಷ್, ಫ್ರೆಂಚ್, ಸ್ಯಾಟಿನ್, ಜೈಂಟ್ ಎಂಬ ನಾಲ್ಕನ್ನೇ ಒಪ್ಪುತ್ತದೆ, ಜರ್ಮನ್ ತಳಿಯನ್ನು ಬೇರೆಯಾಗಿ ಗುರುತಿಸುವುದಿಲ್ಲ. ಎಲ್ಲಿ ತೋರಿಸಬೇಕೆಂದಿದ್ದೀರೋ ಅಲ್ಲಿನ ನಿಯಮ ಓದಿಕೊಂಡೇ ಮೊಲ ತನ್ನಿ.

ಗೂಡಿನಲ್ಲಿ ಒಂದೇ ಮೊಲ. ಎರಡಿದ್ದರೆ ಒಂದರ ಉಣ್ಣೆಯನ್ನು ಇನ್ನೊಂದು ಜಗಿಯುತ್ತದೆ. ತಳಕ್ಕೆ 12 x 25 ಮಿ.ಮೀ. ಕಣ್ಣಿನ ದಪ್ಪ ಜಾಲರಿ ಹಾಕಿದರೆ ಹಿಕ್ಕೆ ಕೆಳಗುದುರಿ ತುಪ್ಪಳ ಚೊಕ್ಕವಾಗಿರುತ್ತದೆ. ಒಂದು ಮೂಲೆಗೆ ಹಲಗೆ ಇರಲೇಬೇಕು, ಇಲ್ಲದಿದ್ದರೆ ಹಿಂಗಾಲಿನ ಹಿಮ್ಮಡಿ ಹುಣ್ಣಾಗುತ್ತದೆ. ಹುಲ್ಲಿನ ತೊಟ್ಟಿಯನ್ನು ಮೊಲದ ತಲೆಗಿಂತ ಎತ್ತರದಲ್ಲಿ ಕಟ್ಟಬಾರದು: ಕತ್ತಿನ ಮೇಲೆ ಉದುರಿದ ಹುಲ್ಲಿನ ಪುಡಿ ಉಣ್ಣೆಯಿಂದ ಜನ್ಮದಲ್ಲಿ ಬಿಡಿಸಲಾಗದು. ನೀರು ಬಟ್ಟಲಿನಲ್ಲಿ ಬೇಡ, ಬಾಟಲಿಯಲ್ಲಿ ಕೊಡಿ. ಗದ್ದದ ಕೆಳಗೆ ದಿನವೂ ಒದ್ದೆಯಾದರೆ ಅಲ್ಲಿ ಕಂಬಳಿಯೇ ಕಟ್ಟುತ್ತದೆ.

ಉಣ್ಣೆ ಎಂದರೆ ಬಹುಪಾಲು ಪ್ರೋಟೀನ್, ಅದರಲ್ಲೂ ಗಂಧಕವಿರುವ ಅಮೈನೋ ಆಮ್ಲಗಳು. 16ರಿಂದ 18 ಶೇಕಡಾ ಪ್ರೋಟೀನ್ ಇರುವ ಪೆಲೆಟ್ (ಗುಳಿಗೆಯಂತೆ ಒತ್ತಿದ ತೀನಿ), ನಾಲ್ಕು ಕೆ.ಜಿ. ಮೊಲಕ್ಕೆ ದಿನಕ್ಕೆ 150 ಗ್ರಾಂ ಆಸುಪಾಸು, ಜೊತೆಗೆ ಒಣಹುಲ್ಲು ತಿಂದಷ್ಟು. ವಾರದಲ್ಲೊಂದು ದಿನ ಪೆಲೆಟ್ ನಿಲ್ಲಿಸಿ ಹುಲ್ಲು, ನೀರು ಮಾತ್ರ ಇಡುತ್ತೇನೆ. ಮರಿಗಳಿಗೂ ಹಾಲೂಡುವ ತಾಯಿಗೂ ಈ ಕ್ರಮವಿಲ್ಲ. ಮೊಲಕ್ಕೆ ವಾಂತಿ ಮಾಡಲಾಗದು. ನುಂಗಿದ ಕೂದಲು ಹಿಂದಿನಿಂದಲೇ ಹೋಗಬೇಕು, ಅದನ್ನು ನೂಕುವುದು ಹುಲ್ಲಿನ ನಾರು. ಹಿಕ್ಕೆಗಳು ಕೂದಲಿನಲ್ಲಿ ಪೋಣಿಸಿದಂತೆ ಬಂದರೆ ಅದು ಮೊದಲ ಎಚ್ಚರಿಕೆ. ಹಿಕ್ಕೆಯ ಗಾತ್ರ ಕುಗ್ಗಿ, ಮೊಲ ಪೆಲೆಟ್ ಮುಟ್ಟದಿದ್ದರೆ ಎರಡನೆಯದು. ಆಗ ಪ್ರದರ್ಶನದ ಆಸೆ ಬಿಟ್ಟು ತುಪ್ಪಳ ತೆಗೆದುಬಿಡಿ, ಹುಲ್ಲು ನೀರು ಹೆಚ್ಚಿಸಿ. ಅರ್ಧ ದಿನದಲ್ಲಿ ತಿನ್ನದಿದ್ದರೆ ಪಶುವೈದ್ಯರಲ್ಲಿಗೆ. ಕೂದಲು ಕರಗಲೆಂದು ಪರಂಗಿ ಹಣ್ಣಿನ ಕಿಣ್ವದ ಮಾತ್ರೆ ಕೊಡುವವರಿದ್ದಾರೆ. ಆ ಕಿಣ್ವ ಅದನ್ನು ಕರಗಿಸುವುದಿಲ್ಲ.

ಕತ್ತರಿಸುವುದಕ್ಕೆ ತುದಿ ಮೊಂಡಾದ, ಅಲಗು ಹರಿತವಾದ 15 ಸೆಂ.ಮೀ. ಕತ್ತರಿ ಸಾಕು. ಮೊದಲು ಬೆನ್ನುಮೂಳೆಯ ಉದ್ದಕ್ಕೆ ಬೈತಲೆ ತೆಗೆಯಿರಿ. ಅಲಗನ್ನು ಚರ್ಮಕ್ಕೆ ಸಮಾನಾಂತರವಾಗಿಟ್ಟು ಒಂದೊಂದು ಸೆಂ.ಮೀ. ಅಗಲದ ಸಾಲಾಗಿ ಪಕ್ಕೆಯತ್ತ ಇಳಿಯುತ್ತ ಬನ್ನಿ. ಎಡಗೈಯ ಕೆಲಸ ಚರ್ಮವನ್ನು ಹರವಿ ಹಿಡಿಯುವುದಷ್ಟೇ. ಉಣ್ಣೆಯ ಗೊಂಚಲನ್ನು ಹಿಡಿದು ಮೇಲಕ್ಕೆ ಎಳೆಯಬೇಡಿ. ಎಳೆದರೆ ಅದರೊಂದಿಗೆ ಚರ್ಮವೂ ಗುಡಾರದಂತೆ ಎದ್ದು ಕತ್ತರಿಯ ಬಾಯಿಗೆ ಸಿಗುತ್ತದೆ, ಹೆಚ್ಚಿನ ಗಾಯಗಳು ಆಗುವುದೇ ಹೀಗೆ. ಒಮ್ಮೆ ಕತ್ತರಿಸಿದ ಜಾಗ ಏರುಪೇರಾಗಿ ಕಂಡರೂ ಮತ್ತೆ ಕತ್ತರಿ ಆಡಿಸಬಾರದು: ಆ ತುಂಡುಗಳು ಒಳ್ಳೆಯ ಉಣ್ಣೆಯಲ್ಲಿ ಸೇರಿ ನೂಲಿನಲ್ಲಿ ಗುಳ್ಳೆ ಏಳಿಸುತ್ತವೆ. ಹೊಟ್ಟೆ ಕೊನೆಗೆ. ಹೆಣ್ಣಿನ ಮೊಲೆತೊಟ್ಟುಗಳನ್ನು ಬೆರಳಿನಿಂದ ಹುಡುಕಿ, ಅದೇ ಬೆರಳಿನಿಂದ ಮುಚ್ಚಿಕೊಂಡು ಸುತ್ತ ಕತ್ತರಿಸಿ. ಕಂಕುಳ, ತೊಡೆಸಂದಿ, ಗದ್ದದ ಮಡಿಕೆಗಳಲ್ಲೂ ಇಷ್ಟೇ ಎಚ್ಚರ. ಬೋಳಾದ ಮೊಲಕ್ಕೆ ಚಳಿ ತಡೆಯದು. ಒಂದೆರಡು ವಾರ ಗಾಳಿ ಬೀಸದ ಕಡೆ ಇಟ್ಟು, ಹುಲ್ಲು ತುಂಬಿದ ಪೆಟ್ಟಿಗೆ ಕೊಟ್ಟು, ತೀನಿ ಸ್ವಲ್ಪ ಹೆಚ್ಚಿಸುತ್ತೇನೆ.

ಮರಿ ಹಾಕಿಸುವವರು ಇನ್ನೊಂದನ್ನು ನೆನಪಿಡಬೇಕು. ಗಬ್ಬದ ಅವಧಿ 31 ದಿನ. ತಾಯಿ ಕಿತ್ತು ಹಾಸುವ ಉದ್ದ ಉಣ್ಣೆ ಮರಿಗಳ ಕಾಲಿಗೆ, ಕತ್ತಿಗೆ ದಾರದಂತೆ ಸುತ್ತಿಕೊಳ್ಳುತ್ತದೆ. ಗಂಡಿಗೆ ಬಿಡುವ ಮೊದಲೇ ಹೆಣ್ಣಿನ ತುಪ್ಪಳ ಕತ್ತರಿಸಿಬಿಡಿ. ಈದ ಮೇಲೂ ಗೂಡಿನ ಉಣ್ಣೆಯನ್ನು ಹೊರತೆಗೆದು ಚಿಕ್ಕದಾಗಿ ಕತ್ತರಿಸಿ ಮತ್ತೆ ಹಾಸಿ. ಮರಿಗಳ ಮೊದಲ ಕತ್ತರಿಕೆ ಎರಡು ತಿಂಗಳಿಗೆ.

ಪ್ರದರ್ಶನದ ಮೊಲಕ್ಕೆ ಬ್ರಷ್‌ಗಿಂತ ಬ್ಲೋವರ್ ಮೇಲು. ಬ್ರಷ್ ಆಡಿಸಿದಷ್ಟೂ ಒಳ ಉಣ್ಣೆ ಕಿತ್ತು ಬರುತ್ತದೆ, ಮೇಜಿನ ಮೇಲೆ ಅಂಕ ಕಳೆಯುವುದು ಅದೇ. ವಾರಕ್ಕೆರಡು ಸಲ ತಣ್ಣನೆಯ ಗಾಳಿ, ಹಿಂಭಾಗದಿಂದ ಶುರುಮಾಡಿ. ಒಂದೇ ಜಾಗಕ್ಕೆ ಗಾಳಿ ಹಿಡಿದರೆ ತುಪ್ಪಳ ಹೂವಿನಂತೆ ಅರಳಿ ನಡುವೆ ಚರ್ಮ ಕಾಣುತ್ತದೆ. ಕಂಡ ಚರ್ಮ ಕಡಿಮೆಯಾದಷ್ಟೂ ಉಣ್ಣೆ ದಟ್ಟ. ಆ ಚರ್ಮದ ಮೇಲೆ ಹೊಟ್ಟು ಕಂಡರೆ ತುಪ್ಪಳದ ನುಸಿಯ ಶಂಕೆ. ಔಷಧಿ ವೈದ್ಯರು ಬರೆದದ್ದೇ ಆಗಬೇಕು. ನಾಯಿಗೆ ಹಾಕುವ ಫಿಪ್ರೋನಿಲ್ ಮೊಲಕ್ಕೆ ವಿಷ. ಗಂಟು ಸಿಕ್ಕರೆ ಬೆರಳಿನಲ್ಲೇ ಬಿಡಿಸಿ, ನೀರು ತಾಗಿಸಿದರೆ ಇನ್ನೂ ಬಿಗಿಯುತ್ತದೆ. ಅಂಗೋರಾ ತಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕ ಉಣ್ಣೆಗೇ, ಅಂದರೆ ದಟ್ಟಣೆ, ಹದ, ಉದ್ದಕ್ಕೆ. ಆದರೆ ಓರೆ ಹಲ್ಲು, ಬಿದ್ದುಹೋದ ಉಗುರು, ಸುರಿಯುವ ಮೂಗು, ಮಿತಿ ದಾಟಿದ ತೂಕ ಇದ್ದರೆ ಉಣ್ಣೆ ಎಷ್ಟಿದ್ದರೂ ಹೊರಗೆ. ಎಆರ್‌ಬಿಎ ಪ್ರದರ್ಶನಗಳಲ್ಲಿ ಎಡಗಿವಿಯ ಹಚ್ಚೆಯೂ ಓದುವಂತಿರಬೇಕು.

ಇನ್ನು ಉಣ್ಣೆ. ಕತ್ತರಿಸುವಾಗಲೇ ವಿಂಗಡಿಸುವುದು ಲೇಸು: ಬೆನ್ನು, ಪಕ್ಕೆಯ ಉದ್ದ ಎಳೆ ಒಂದು ರಟ್ಟಿನ ಪೆಟ್ಟಿಗೆಗೆ, ಕತ್ತು ಹೊಟ್ಟೆಯ ಗಿಡ್ಡದ್ದು ಇನ್ನೊಂದಕ್ಕೆ, ಗಂಟಾದದ್ದು ಮೂರನೆಯದಕ್ಕೆ. ಒತ್ತಿ ತುಂಬಿದರೆ ಪೆಟ್ಟಿಗೆಯಲ್ಲೇ ಕಂಬಳಿಯಾಗುತ್ತದೆ. ಕುರಿ ಉಣ್ಣೆಯ ಜಿಡ್ಡು ಇದಕ್ಕಿಲ್ಲ, ಹಾಗಾಗಿ ತೊಳೆಯದೆ ನೂಲಬಹುದು. ಎಳೆಯ ದಪ್ಪ 11ರಿಂದ 15 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಮೇಲ್ಮೈ ನುಣುಪು. ಹುರಿ ಕಡಿಮೆಯಾದರೆ ನೂಲು ಕಳಚಿಕೊಂಡು ಬರುತ್ತದೆ. ಚರಕದ ಎಳೆತ ಸಡಿಲಿಸಿ, ಚಕ್ರದ ಒಂದು ಸುತ್ತಿಗೆ ಕದಿರು ಹತ್ತಕ್ಕಿಂತ ಹೆಚ್ಚು ಸುತ್ತುವಂತೆ ಅನುಪಾತ 10:1ಕ್ಕಿಂತ ಮೇಲಿಡಿ. ಗೊಂಚಲನ್ನು ತೋರುಬೆರಳಿನ ಮೇಲೆ ಮಡಿಸಿಕೊಂಡು ಮಡಿಕೆಯಿಂದ ಎಳೆದರೆ ಜಾರಾಟ ಕಡಿಮೆ. ಒಣಹವೆಯಲ್ಲಿ ಕೂದಲು ಬಟ್ಟೆಗೆಲ್ಲ ಹಾರಿ ಅಂಟುತ್ತದೆ, ಬೆರಳು ತುಸು ಒದ್ದೆ ಮಾಡಿಕೊಳ್ಳಿ. ಹೊಸ ನೂಲು ನಯವಾಗಿ, ಬಡಕಲಾಗಿ ಕಂಡರೆ ಗಾಬರಿ ಬೇಡ: ಲಡಿಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಮೇಜಿಗೆ ನಾಲ್ಕೈದು ಸಲ ಬಡಿದು ಒಣಗಿಸಿದರೆ ನವಿರು ರೋಮ ಮೇಲೇಳುತ್ತದೆ.

ಪೂರ್ತಿ ಅಂಗೋರಾದ ಸ್ವೆಟರ್ ನಾನು ಹೆಣೆಯುವುದಿಲ್ಲ. ಎಳೆಗೆ ಗುಂಗುರಿಲ್ಲದ್ದರಿಂದ ಹಿಗ್ಗಿದ್ದು ಹಿಂದಕ್ಕೆ ಬರದು, ತೋಳು ಜೋತುಬೀಳುತ್ತದೆ. ಮೈಗೆ ಸೆಕೆಯೂ ಮಿತಿಮೀರುತ್ತದೆ. 30 ಭಾಗ ಅಂಗೋರಾಕ್ಕೆ 70 ಭಾಗ ಮೆರಿನೊ ಕುರಿಯ ಉಣ್ಣೆ ಸೇರಿಸಿ ಹಿಂಜಿದರೆ ಆಕಾರ ನಿಲ್ಲುತ್ತದೆ. ಶುದ್ಧ ಅಂಗೋರಾ ಟೋಪಿಯ ಅಂಚಿಗೆ, ಕತ್ತುಪಟ್ಟಿಗೆ, ಕೈಗವಸಿನ ಒಳಗೆ. ಗಂಟಾದ ಮೂರನೆಯ ಪೆಟ್ಟಿಗೆಯದನ್ನು ತೊಳೆದು ಬೂಟಿನೊಳಗಿನ ಅಟ್ಟೆಗೆ ಒತ್ತುತ್ತೇನೆ.