ಕೋಡ್ ಕೊಡದೆ ಲಿನಕ್ಸ್‌ನಲ್ಲಿ ಉಚಿತ ತಂತ್ರಾಂಶ ಹಂಚುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಗೆಂದು ನಾನೊಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಅಳತೆ ಹಾಕಿದರೆ ಎರಕದ ತೂಕ ಹೇಳುತ್ತದೆ. ಬೀಡು ಕಬ್ಬಿಣ ಘನ ಸೆಂಟಿಮೀಟರಿಗೆ ಸುಮಾರು 7.2 ಗ್ರಾಂ ತೂಗುತ್ತದೆ, ಲೆಕ್ಕ ಅಲ್ಲಿಂದಲೇ ಶುರು. ದುಡ್ಡು ಬೇಡ, ಆದರೆ ಕೋಡ್ ಸದ್ಯಕ್ಕೆ ಕೊಡಲಾರೆ. ಲಿನಕ್ಸ್‌ನಲ್ಲಿ ಹೀಗೆ ಹಂಚಬಹುದಾ? ಹಂಚಬಹುದು. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಜಿಪಿಎಲ್ 2 ಲೈಸೆನ್ಸ್ ಇದೆ, ಅಂದರೆ ಅದನ್ನು ಸೇರಿಸಿಕೊಂಡು ಹಂಚುವವರು ಕೋಡನ್ನೂ ಕೊಡಬೇಕೆಂಬ ಷರತ್ತು. ಆದರೆ ಅದರ ಮೇಲೆ ಓಡುವ ಸಾಮಾನ್ಯ ಪ್ರೋಗ್ರಾಂಗೆ ಆ ಷರತ್ತು ತಗಲುವುದಿಲ್ಲ ಎಂದು ಕರ್ನಲ್‌ನ ಲೈಸೆನ್ಸ್ ಟಿಪ್ಪಣಿಯಲ್ಲೇ ಬರೆದಿದೆ.

ಷರತ್ತು ಬರುವುದು ಲೈಬ್ರರಿಗಳಿಂದ, ಅಂದರೆ ನಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳುವ ಬೇರೆಯವರ ಸಿದ್ಧ ಕೋಡ್‌ನಿಂದ. ಆದ್ದರಿಂದ ಮೊದಲು ನೀವು ಬಳಸಿದ ಒಂದೊಂದು ಲೈಬ್ರರಿಯ ಲೈಸೆನ್ಸನ್ನೂ ಓದಿ. ಎಂಐಟಿ ಎಂಬ ಸಡಿಲ ಲೈಸೆನ್ಸ್ ಇದ್ದರೆ ಅದರ ಲೈಸೆನ್ಸ್ ಬರಹವನ್ನು ಜೊತೆಗಿಟ್ಟರೆ ಸಾಕು. ಜಿಪಿಎಲ್‌ನ ಸಡಿಲ ರೂಪವಾದ ಎಲ್‌ಜಿಪಿಎಲ್ ಇದ್ದರೆ ಲೈಬ್ರರಿಯನ್ನು ಪ್ರೋಗ್ರಾಂ ಒಳಗೆ ಬೆಸೆಯಬೇಡಿ, ಬೇರೆ ಫೈಲ್ ಆಗಿಯೇ ಇಡಿ. ಬಳಸುವವರು ಬೇಕೆಂದಾಗ ಅದನ್ನು ಬದಲಿಸಿಕೊಳ್ಳುವಂತಿರಬೇಕು. ಜಿಪಿಎಲ್ ಇದ್ದರೆ ಕೋಡ್ ಮುಚ್ಚಿಡುವ ಹಾಗೇ ಇಲ್ಲ. ಟೈಪ್ ಮಾಡಿದ ಸಾಲು ತಿದ್ದಲು ಬಿಡುವ ರೀಡ್‌ಲೈನ್ ಲೈಬ್ರರಿ ಅಂಥದ್ದು, ನಾನು ಅದನ್ನು ಬಿಟ್ಟು ಅದೇ ಕೆಲಸ ಮಾಡುವ, ಸಡಿಲ ಲೈಸೆನ್ಸಿನ ಲಿಬ್‌ಎಡಿಟ್ ಹಾಕಿಕೊಂಡೆ. ಯಾರದೋ ದುಡಿಮೆ ನಮಗೆ ಪುಕ್ಕಟೆ ಸಿಕ್ಕಿದೆ, ಅವರ ಮಾತು ನಡೆಸಲೇಬೇಕು, ಅಲ್ವಾ?

ಆಮೇಲೆ ಬಿಲ್ಡ್, ಅಂದರೆ ಕೋಡನ್ನು ಓಡುವ ಫೈಲ್ ಆಗಿ ಮಾಡುವುದು. ಇಲ್ಲೇ ನಾನು ಎಡವಿದ್ದು. ಉಬುಂಟು ಎಂಬ ಲಿನಕ್ಸ್‌ನ 22.04 ಆವೃತ್ತಿಯಲ್ಲಿ ಬಿಲ್ಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ದೆ. ಫೌಂಡ್ರಿ ಆಫೀಸಿನ ಕಂಪ್ಯೂಟರ್‌ನಲ್ಲಿ ಅದಕ್ಕಿಂತ ಹಳೆಯ 20.04 ಇತ್ತು. ಕೀಬೋರ್ಡ್ ತುಂಬ ಕರಿ ಮರಳಿನ ಧೂಳು. ಎಂಟರ್ ಒತ್ತಿದರೆ ಲಿನಕ್ಸ್ ಪ್ರೋಗ್ರಾಂಗಳಿಗೆ ಬೇಕಾದ ಮೂಲ ಲೈಬ್ರರಿ ಜಿಲಿಬ್‌ಸಿ 2.34 ಸಿಗುತ್ತಿಲ್ಲ ಎಂಬ ದೂರು. ಮಾಲಕರು ಹಿಂದೆ ನಿಂತು "ಆತೇನ್ರಿ ಸರ?" ಎನ್ನುತ್ತಿದ್ದರು. ಹಳೆಯ ಸಿಸ್ಟಂನಲ್ಲಿ ಬಿಲ್ಡ್ ಮಾಡಿದ್ದು ಸಾಮಾನ್ಯವಾಗಿ ಹೊಸದರಲ್ಲೂ ಓಡುತ್ತದೆ, ಹೊಸದರಲ್ಲಿ ಮಾಡಿದ್ದು ಹಳೆಯದರಲ್ಲಿ ಕೈಕೊಡುತ್ತದೆ. ಮನೆಗೆ ಬಂದು ಕಂಟೇನರ್‌ನಲ್ಲಿ, ಅಂದರೆ ನನ್ನ ಸಿಸ್ಟಂ ಒಳಗೇ ಬೇರೆಯಾಗಿ ಇಟ್ಟ ಜಾಗದಲ್ಲಿ, 20.04 ಹಾಕಿ ಮತ್ತೆ ಬಿಲ್ಡ್ ಮಾಡಿದೆ. ಓಡಿತು.

ಪ್ಯಾಕ್ ಮಾಡಲು ಆ್ಯಪ್‌ಇಮೇಜ್ ಸುಲಭ. ಒಂದೇ ಫೈಲ್, ಓಡಿಸುವ ಅನುಮತಿ ಕೊಟ್ಟರಾಯಿತು. 22.04ರಿಂದ ಈಚೆಗಿನ ಉಬುಂಟುವಿನಲ್ಲಿ ಆ್ಯಪ್‌ಇಮೇಜ್ ಓಡಲು ಲಿಬ್‌ಫ್ಯೂಸ್2 ಎಂಬ ಲೈಬ್ರರಿ ಬೇರೆ ಹಾಕಿಕೊಳ್ಳಬೇಕಾಗಬಹುದು, ಅದನ್ನು ಮೊದಲೇ ತಿಳಿಸಿ. ಜೊತೆಗೆ ಎಸ್‌ಎಚ್‌ಎ256 ಚೆಕ್‌ಸಮ್ ಕೊಡಿ, ಫೈಲ್ ಕೆಡದೆ ಬಂದಿದೆಯೇ ಎಂದು ತಾಳೆ ನೋಡುವ ಸಂಕೇತ ಅದು.

ಸುಮ್ನೆ "ಉಚಿತ" ಎಂದು ಬರೆದರೆ ಸಾಲದು. ಇನ್ನೊಬ್ಬರಿಗೆ ಕಾಪಿ ಕೊಡಬಹುದಾ, ವ್ಯಾಪಾರಕ್ಕೆ ಬಳಸಬಹುದಾ ಎಂದು ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ.

ಕೋಡ್ ಕೈಯಲ್ಲಿಲ್ಲದ ಮೇಲೆ ಬಳಸುವವರು ತಾವೇ ರಿಪೇರಿ ಮಾಡಿಕೊಳ್ಳಲಾರರು. ಅದಕ್ಕೇ ನನ್ನ ಪ್ರೋಗ್ರಾಂ ಪ್ರತಿ ಎರಕದ ಲೆಕ್ಕವನ್ನೂ ಸಿಎಸ್‌ವಿ ಎಂಬ ಸರಳ ಪಟ್ಟಿ ಫೈಲ್‌ನಲ್ಲಿ ಉಳಿಸುತ್ತದೆ. ನಾಳೆ ನಾನು ಅಪ್‌ಡೇಟ್ ನಿಲ್ಲಿಸಿದರೂ ಮಾಲಕರು ಅದನ್ನು ಲಿಬ್ರೆಆಫೀಸ್‌ನಲ್ಲಿ ತೆರೆದು ಹಳೆಯ ತೂಕ ನೋಡಿಕೊಳ್ಳಬಹುದು.